ಅಳತೆ ತಪ್ಪಿದರೂ ಉತ್ತರ ಉಳಿದೀತೇ? ಗಡಿ ಸುತ್ತಿ ನೋಡುವ ಲೆಕ್ಕ

ಬಸವನಗುಡಿಯ ಒಂದು ತಾರಸಿ. ಪ್ಯಾರಪೆಟ್ ಮೇಲೆ 8 ಮೀಟರ್ ಅಂತರದಲ್ಲಿ ಎರಡು ರೇಡಿಯೊ ಆ್ಯಂಕರ್ (ದೂರ ಅಳೆಯಲು ನೆಟ್ಟ ಸ್ಥಿರ ಉಪಕರಣ), ಟ್ಯಾಗ್‌ಗೆ (ಜಾಗ ಹುಡುಕಬೇಕಾದ ಸಾಧನ) ಎರಡರಿಂದಲೂ 5 ಮೀಟರ್ ಎಂಬ ರೀಡಿಂಗ್. ಒಂದು ಆ್ಯಂಕರ್ (0, 0), ಇನ್ನೊಂದು (8, 0) ಎಂದಿಟ್ಟುಕೊಂಡರೆ ಟ್ಯಾಗ್ (4, 3)ರಲ್ಲಿದೆ. ಊಹೆಯನ್ನು ಹಂತಹಂತವಾಗಿ ತಿದ್ದುತ್ತಾ ಸಮೀಕರಣ ಬಿಡಿಸುವ ನ್ಯೂಟನ್ ವಿಧಾನ ಇಷ್ಟನ್ನು ಬೇಗ ಕೊಡುತ್ತದೆ. ಆದರೆ ನೀರಿನ ಟ್ಯಾಂಕ್, ಕಬ್ಬಿಣದ ಶೀಟು ಅಡ್ಡ ಬಂದರೆ ರೀಡಿಂಗ್ ಅರ್ಧ ಮೀಟರ್ ಆಚೀಚೆಯಾಗುತ್ತದೆ, ಅದೂ ಜಾಗದಿಂದ ಜಾಗಕ್ಕೆ ಬೇರೆ ಬೇರೆ. ಆಗಲೂ ಉತ್ತರ ಇಲ್ಲೇ ಸುತ್ತಮುತ್ತ ಇದ್ದೇ ಇರುತ್ತದೆಯೇ ಎಂದು ತಿಳಿಯಲು ನಾನು ಟೋಪಾಲಜಿಯ ಡಿಗ್ರಿ ಲೆಕ್ಕ ಹಾಕುತ್ತೇನೆ.

ಮೊದಲ ಆ್ಯಂಕರ್‌ನ ದೂರದಿಂದ 5 ಕಳೆದದ್ದು ‘ಅ’, ಎರಡನೆಯದರದ್ದು ‘ಬ’. ಎರಡೂ ಸೊನ್ನೆಯಾಗುವ ಜಾಗವೇ ಉತ್ತರ. ಗಡಿಯನ್ನು ಒಮ್ಮೆ ಸುತ್ತುವಾಗ (ಅ, ಬ) ಎಂಬ ಬಿಂದು (0, 0)ಯನ್ನು ಎಷ್ಟು ಸಲ ಸುತ್ತುತ್ತದೆ ಎಂಬ ಎಣಿಕೆಯೇ ಡಿಗ್ರಿ, ಅಪ್ರದಕ್ಷಿಣ ಸುತ್ತಾದರೆ ಕೂಡುವುದು, ಪ್ರದಕ್ಷಿಣವಾದರೆ ಕಳೆಯುವುದು. ಅಡ್ಡ 3ರಿಂದ 5, ಉದ್ದ 2ರಿಂದ 4ರ ಚೌಕದ ಗಡಿಯನ್ನು ಮಾತ್ರ ಅಪ್ರದಕ್ಷಿಣವಾಗಿ ಸುತ್ತಬೇಕು. ಗಡಿಯ ಪ್ರತಿ ತುಂಡಿನಲ್ಲೂ ‘ಅ’ ಅಥವಾ ‘ಬ’ ಒಂದಾದರೂ ಉದ್ದಕ್ಕೂ ಒಂದೇ ಚಿಹ್ನೆಯಲ್ಲಿದ್ದು ಪ್ರಮಾಣದಲ್ಲಿ 0.5 ಮೀರಬೇಕು, ಇಲ್ಲವಾದರೆ ತುಂಡನ್ನು ಅರ್ಧಕ್ಕೆ ಕತ್ತರಿಸುವುದು. ಇಲ್ಲಿ ತೀರಾ ಬಿಗಿಯಾದ ಜಾಗ (4, 2): ಎರಡೂ −0.528. ಕತ್ತರಿ ಸರಿಯಾಗಿ 4ರಲ್ಲೇ ಬಿದ್ದರೆ ಸಲೀಸು. ತಪ್ಪಿದರೆ ತುಂಡು 6 ಸೆಂಟಿಮೀಟರ್‌ಗೆ ಇಳಿಯಬೇಕಾದೀತು. ಒಂದು ಸುತ್ತಿನಲ್ಲಿ ಬರುವ ಗುರುತುಗಳು (ಬ− ಎಂದರೆ ಆ ತುಂಡಿನಲ್ಲಿ ‘ಬ’ ಋಣ, ಅ+ ಎಂದರೆ ‘ಅ’ ಧನ): ಬ−, ಅ+, ಬ+, ಅ−, ಮತ್ತೆ ಬ−. ಪೂರ್ತಿ ಒಂದು ಸುತ್ತು, ಡಿಗ್ರಿ 1. ಅಂದರೆ ಅರ್ಧ ಮೀಟರ್ ಮೀರದ, ಎಲ್ಲೂ ದಿಢೀರನೆ ಜಿಗಿಯದ ಯಾವ ತಪ್ಪು ಸೇರಿದರೂ ಚೌಕದೊಳಗೆ ಉತ್ತರ ಖಂಡಿತ ಇದೆ.

ಗಡಿಯ ಮೇಲೆ ಬಿಡಿ ಬಿಂದುಗಳನ್ನಷ್ಟೇ ನೋಡಿ ತೃಪ್ತರಾಗಬೇಡಿ, ಎರಡು ಬಿಂದುಗಳ ನಡುವೆ ಏನೂ ಆಗಿರಬಹುದು. ಒಂದೊಂದೇ ಸಂಖ್ಯೆಯ ಬದಲು ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯ ಮೇಲೆ ನಡೆಸುವ ಇಂಟರ್ವಲ್ ಲೆಕ್ಕವೇ ಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಎಂಪಿಮ್ಯಾತ್ (mpmath) ಲೈಬ್ರರಿಯಲ್ಲಿ ಅದು ಸಿಗುತ್ತದೆ. ಅಲ್ಲೂ ವರ್ಗವನ್ನು ಗುಣಾಕಾರವಾಗಿ ಬರೆಯಬಾರದು: −0.1ರಿಂದ 0.1ರ ಇಂಟರ್ವಲ್ಲನ್ನು ಅದರಿಂದಲೇ ಗುಣಿಸಿದರೆ −0.01ರಿಂದ 0.01 ಬರುತ್ತದೆ, ಮುಂದೆ ವರ್ಗಮೂಲ ಕೆಡುತ್ತದೆ. ಘಾತ 2 ಎಂದೇ ಬರೆಯಿರಿ.

ದೊಡ್ಡ ಚೌಕ ಹಾಕಿದರೆ ಪ್ಯಾರಪೆಟ್‌ನಾಚೆ, ರಸ್ತೆಯ ಮೇಲಿನ (4, −3) ಕೂಡ ಒಳಗೆ ಬರುತ್ತದೆ. ಅದರ ಡಿಗ್ರಿ −1, ಒಟ್ಟು ಸೊನ್ನೆ. ಸೊನ್ನೆ ಬಂತೆಂದು ಉತ್ತರವಿಲ್ಲ ಎನ್ನಬಾರದು, ಚೌಕ ಒಡೆದು ನೋಡಬೇಕು. ಆದರೂ ಆ ಜೋಡಿ ಒಂದು ಎಚ್ಚರಿಕೆ ಕೊಡುತ್ತದೆ: ಎರಡೂ ರೀಡಿಂಗ್ 4ಕ್ಕೆ ಇಳಿದರೆ ಎರಡು ಉತ್ತರಗಳೂ (4, 0)ಯಲ್ಲಿ ಕೂಡಿಕೊಳ್ಳುತ್ತವೆ, ಇನ್ನೊಂದು ಕೂದಲೆಳೆ ಇಳಿದರೂ ಮಾಯ. ಹಾಗಾಗಿ ಈ ಉತ್ತರದ ತಾಳಿಕೆ, ಅಂದರೆ ಅದು ಸಹಿಸಬಲ್ಲ ಗರಿಷ್ಠ ತಪ್ಪು, ಸರಿಯಾಗಿ 1 ಮೀಟರ್. ರೀಡಿಂಗ್‌ಗಿಂತ ಮೊದಲು ನಾನು ಕೇಳುವುದು ಈ ಅಂಕಿಯನ್ನೇ.

ಮೂರನೇ ಆ್ಯಂಕರ್ ಸೇರಿಸಿ ಮೂರು ಸಮೀಕರಣವನ್ನೂ ಒಟ್ಟಿಗೆ ಸೊನ್ನೆ ಮಾಡಹೊರಟರೆ ಡಿಗ್ರಿಗೆ ಕೆಲಸವೇ ಇಲ್ಲ: ಎರಡೇ ಅಜ್ಞಾತಗಳಿರುವಾಗ ಎಷ್ಟೇ ಸಣ್ಣ ತಪ್ಪಾದರೂ ಉತ್ತರವನ್ನು ಅಳಿಸಬಲ್ಲದು. ಎರಡೆರಡಾಗಿ ಜೋಡಿಸಿ ತಾಳಿಕೆ ಅಳೆದು, ಹೆಚ್ಚು ತಾಳುವ ಜೋಡಿಯನ್ನು ಇಟ್ಟುಕೊಳ್ಳುತ್ತೇನೆ.