ಮನೆಯಲ್ಲೇ ಆಫೀಸು: ಮೊದಲು ಟೇಪು ಹಿಡಿಯಿರಿ, ಆಮೇಲೆ ಅಂಗಡಿಗೆ ಹೋಗಿ

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ನಾಲ್ಕು ದಿನ ಮುಂಚೆ, ಬೆಂಗಳೂರಿನ ಪಿಜಿ ಖಾಲಿ ಮಾಡಿ ಮೈಸೂರಿನ ಕುವೆಂಪುನಗರದ ಮನೆಗೆ ಬಂದೆ. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಶುರು ಮಾಡಿದೆ. ದೀಪಾವಳಿ ಹೊತ್ತಿಗೆ ಬಲಗೈ ಮೇಲೆತ್ತಿ ತಲೆ ಬಾಚಿಕೊಳ್ಳುವುದೇ ಕಷ್ಟವಾಯಿತು. ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಟೇಬಲ್ ಎತ್ತರ ಎಷ್ಟು?"

ಮನೆಗೆ ಬಂದು ಅಳೆದೆ. ಟೇಬಲ್ 30 ಇಂಚು. ನನ್ನ ಎತ್ತರ 5 ಅಡಿ 2 ಇಂಚು. ಅಂಗಾಲು ನೆಲಕ್ಕೆ ಊರಿ ಕೂತರೆ ನನ್ನ ಮೊಣಕೈ ನೆಲದಿಂದ 25 ಇಂಚಿನಲ್ಲಿತ್ತು. ಆ ಐದು ಇಂಚನ್ನು ಎಂಟು ತಿಂಗಳು ನನ್ನ ಭುಜ ಹೊತ್ತುಕೊಂಡಿತ್ತು.

ಅದಕ್ಕೇ ಈ ಲೇಖನ. ಮನೆಯಲ್ಲಿ ಕೆಲಸದ ಜಾಗ ಮಾಡಿಕೊಳ್ಳಬೇಕು ಎಂದರೆ ಹೆಚ್ಚಿನವರು ಮೊದಲು ಕುರ್ಚಿ ಆರ್ಡರ್ ಮಾಡುತ್ತಾರೆ. ಕುರ್ಚಿ ಕೊನೆಗೆ ಬರಲಿ. ಮೊದಲು ಬೆಳಕು ನೋಡಿ, ಆಮೇಲೆ ನಿಮ್ಮ ಮೈ ಅಳೆಯಿರಿ.

ಜಾಗ ಯಾವುದು?

ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ನಾಲ್ಕಕ್ಕೆ ಮನೆಯಲ್ಲಿ ಒಂದು ಸುತ್ತು ಹಾಕಿ. ಬಿಸಿಲು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಪಶ್ಚಿಮದ ಕಿಟಕಿ ಬೆಳಿಗ್ಗೆ ತುಂಬಾ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನ ಮೂರರ ಮೇಲೆ ಅದೇ ಕಿಟಕಿಯಿಂದ ಬಿಸಿಲು ನೇರ ಸ್ಕ್ರೀನ್‌ಗೆ ಹೊಡೆಯುತ್ತದೆ. ತಾರಸಿಯ ಕೆಳಗಿನ ಮಹಡಿ ರೂಮು ಡಿಸೆಂಬರ್‌ನಲ್ಲಿ ಹಿತ, ಏಪ್ರಿಲ್‌ನಲ್ಲಿ ಕೂರಲಾಗದು. ಬೇರೆ ರೂಮು ಇಲ್ಲದಿದ್ದರೆ ತಾರಸಿಗೆ ಬಿಳಿ ಬಣ್ಣ ಹೊಡೆಸಿ. ಕಾವು ಕಡಿಮೆಯಾಗುತ್ತದೆ.

ಕಿಟಕಿ ಬೆನ್ನ ಹಿಂದೆ ಇರಬಾರದು. ಇದ್ದರೆ ಸ್ಕ್ರೀನ್ ತುಂಬ ಬೆಳಕೇ ಕಾಣುತ್ತದೆ, ವಿಡಿಯೊ ಕಾಲ್‌ನಲ್ಲಿ ನಿಮ್ಮ ಮುಖ ಕಪ್ಪಗೆ ಕಾಣುತ್ತದೆ. ಎದುರಿಗೂ ಬೇಡ, ಕಣ್ಣಿಗೆ ಆಯಾಸ. ಪಕ್ಕದಲ್ಲಿ ಇರಬೇಕು. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆ ಇದ್ದರೆ ನೋಟ್‌ಬುಕ್ ಮೇಲೆ ಕೈಯ ನೆರಳು ಬೀಳುವುದಿಲ್ಲ.

ಮನೆಯ ಹಿರಿಯರು "ಪೂರ್ವಕ್ಕೆ ಮುಖ ಮಾಡಿ ಕೂತ್ಕೋ" ಎನ್ನುತ್ತಾರೆ ಅಲ್ವಾ? ಹಾಗೆ ಕೂತಾಗ ಎಡಗಡೆ ಬರುವುದು ಉತ್ತರದ ಗೋಡೆ. ಮೈಸೂರಿನಲ್ಲಿ ಆಗಸ್ಟ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆಗೇ ಇರುತ್ತಾನೆ. ಉಳಿದ ನಾಲ್ಕು ತಿಂಗಳು ಸ್ವಲ್ಪ ಉತ್ತರಕ್ಕೆ ಸರಿದರೂ ನೆತ್ತಿಯ ಹತ್ತಿರವೇ ಇರುತ್ತಾನೆ, ಕಿಟಕಿ ಮೇಲಿನ ಸಜ್ಜೆಯೇ ತಡೆಯುತ್ತದೆ. ಹಾಗಾಗಿ ಉತ್ತರದ ಕಿಟಕಿಯ ಬೆಳಕು ದಿನವಿಡೀ ಒಂದೇ ಸಮ, ತಣ್ಣಗೆ. ನಾನು ಕೂತಿರುವುದೂ ಹೀಗೇ. ಅಮ್ಮನಿಗೂ ಸಮಾಧಾನ, ನನ್ನ ಕಣ್ಣಿಗೂ ಸಮಾಧಾನ.

ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೆ ಮನೆಗಳಲ್ಲಿ ಕಿಟಕಿ ಚಿಕ್ಕದು, ಗೋಡೆ ದಪ್ಪ. ತಂಪು ಜಾಸ್ತಿ, ಬೆಳಕು ಕಡಿಮೆ. ಅಲ್ಲಿ ಹಗಲಲ್ಲೂ ಒಂದು ಟೇಬಲ್ ಲ್ಯಾಂಪ್ ಬೇಕು. ಅದರ ಬೆಳಕು ಹಾಳೆಯ ಮೇಲೆ ಬೀಳಲಿ, ಸ್ಕ್ರೀನ್ ಮೇಲೆ ಬೇಡ.

ಅಳತೆ ತೆಗೆಯುವುದು

ಟೈಲರ್ ಹತ್ತಿರ ಇರುವಂಥ ಟೇಪು ಸಾಕು. ಅಳೆಯಲು ಇನ್ನೊಬ್ಬರು ಬೇಕು. ಚಪ್ಪಲಿ ಬಿಟ್ಟು ಅಳೆಯಿರಿ. ಇದು ಸಣ್ಣ ವಿಷಯ ಅಲ್ಲ. ಅಂಗಡಿಯಲ್ಲಿ ಸಿಗುವ ಟೇಬಲ್‌ಗಳು ಸಾಮಾನ್ಯವಾಗಿ 29–30 ಇಂಚು ಎತ್ತರ ಇರುತ್ತವೆ. ಶೂ ಹಾಕಿ ಕೂರುವ, ಎತ್ತರದ ಆಳಿಗೆ ಅದು ಸರಿ. ನಾವು ಮನೆಯಲ್ಲಿ ಬರಿಗಾಲಲ್ಲಿ ಕೂರುತ್ತೇವೆ. ಅಲ್ಲಿಗೇ ಒಂದು ಇಂಚು ವ್ಯತ್ಯಾಸ.

ಮೊದಲು ನೆಲದಿಂದ ಮಂಡಿಯ ಹಿಂಭಾಗದವರೆಗೆ ಅಳೆಯಿರಿ. ಅದು ನಿಮ್ಮ ಸೀಟಿನ ಎತ್ತರ. ನನಗೆ 16 ಇಂಚು. ಅಷ್ಟೇ ಎತ್ತರದ ಯಾವುದಾದರೂ ಸ್ಟೂಲ್ ಮೇಲೆ ನೆಟ್ಟಗೆ ಕೂರಿ. ಭುಜ ಸಡಿಲ ಬಿಡಿ, ಮೊಣಕೈ ಪಕ್ಕೆಗೆ ತಾಗಿರಲಿ, ಮುಂಗೈ ನೆಲಕ್ಕೆ ಸಮನಾಗಿ ಮುಂದಕ್ಕೆ ಚಾಚಿ. ಈಗ ನೆಲದಿಂದ ಮೊಣಕೈಯ ಕೆಳಭಾಗದವರೆಗೆ ಅಳೆಯಿರಿ. ಟೇಬಲ್ ಅದಕ್ಕಿಂತ ಎತ್ತರ ಇರಬಾರದು, ಅರ್ಧ ಇಂಚು ತಗ್ಗಿದ್ದರೆ ಒಳ್ಳೆಯದು. ಕೊನೆಗೆ ತೊಡೆಯ ಮೇಲ್ಭಾಗದವರೆಗಿನ ಎತ್ತರ ಬರೆದಿಟ್ಟುಕೊಳ್ಳಿ. ಟೇಬಲ್ ಹಲಗೆಯ ಅಡಿಭಾಗ ಅದಕ್ಕಿಂತ ಮೇಲಿರಬೇಕು.

ಗಂಡ ಹೆಂಡತಿ ಇಬ್ಬರೂ ಒಂದೇ ಟೇಬಲ್ ಬಳಸುವುದಾದರೆ ಎತ್ತರದವರ ಅಳತೆಗೆ ಮಾಡಿಸಿ. ಇನ್ನೊಬ್ಬರು ಕುರ್ಚಿ ಏರಿಸಿಕೊಂಡು ಕಾಲ ಕೆಳಗೆ ಊಟದ ಮಣೆ ಇಟ್ಟುಕೊಳ್ಳಲಿ. ಅಟ್ಟದ ಮೇಲೆ ಹಳೆಯ ಮಣೆ ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ. ಒಂದು ಸಾಲದಿದ್ದರೆ ಎರಡು ಜೋಡಿಸಿ.

ಟೇಬಲ್ ಮಾಡಿಸುವುದು

ನನ್ನ ಸಲಹೆ ಇಷ್ಟೇ: ರೆಡಿಮೇಡ್ ತರಬೇಡಿ, ಮಾಡಿಸಿ. ನಾನೊಮ್ಮೆ ಆನ್‌ಲೈನ್‌ನಲ್ಲಿ ತರಿಸಿದ್ದೆ. ಕಾಲು ಅಲುಗಾಡುತ್ತಿತ್ತು, ಎತ್ತರವೂ ಅದೇ 30 ಇಂಚು. ಮೈಸೂರಿನಂಥ ಊರಲ್ಲಿ ಒಳ್ಳೆಯ ಮರಗೆಲಸದವರು ಸಿಗುವುದೇ ಒಂದು ಭಾಗ್ಯ. ಪಕ್ಕದ ಬೀದಿಯಲ್ಲಿ ಯಾರ ಮನೆಯಲ್ಲಾದರೂ ವಾರ್ಡ್‌ರೋಬ್ ಕೆಲಸ ನಡೆಯುತ್ತಿದ್ದರೆ ಹೋಗಿ ಮಾತಾಡಿಸಿ.

ನಮ್ಮ ಆಚಾರ್ರು ನನ್ನ ಚೀಟಿ ನೋಡಿ, "25 ಇಂಚಾ ಮೇಡಂ? ಮಕ್ಕಳ ಟೇಬಲ್ ಥರ ಕಾಣ್ಸುತ್ತೆ. ಎರಡೂವರೆ ಅಡಿ ಇದ್ರೇನೇ ಲಕ್ಷಣ" ಎಂದರು. "ಆಚಾರ್ರೇ, ನೀವೇ ಒಂದ್ಸಲ ನನ್ನ ಮೊಣಕೈ ಅಳೆದುಬಿಡಿ" ಎಂದೆ. ಅಳೆದು ನೋಡಿ ಸುಮ್ಮನಾದರು. ನಿಮಗೂ ಇದೇ ಮಾತು ಎದುರಾಗಬಹುದು. ಬಿಟ್ಟುಕೊಡಬೇಡಿ.

ಅವರಿಗೆ ಹೇಳಬೇಕಾದದ್ದು: ಹಲಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. 19 ಎಂಎಂ ಪ್ಲೈವುಡ್. 8 ಅಡಿಗೆ 4 ಅಡಿಯ ಒಂದು ಶೀಟಿನಲ್ಲಿ ಹಲಗೆ, ಎರಡು ಪಕ್ಕ, ಹಿಂದಿನ ಅಡ್ಡಪಟ್ಟಿ ಎಲ್ಲ ಬಂದು ಒಂದು ಶೆಲ್ಫಿಗೂ ತುಂಡು ಉಳಿಯುತ್ತದೆ. ಅಡ್ಡಪಟ್ಟಿ ಬೇಡ ಎಂದರೆ ನಡುವೆ ಹಲಗೆ ಬಾಗುತ್ತದೆ. ಸನ್‌ಮೈಕ ಹೊಳೆಯುವುದು ಬೇಡ, ಮ್ಯಾಟ್ ಇರಲಿ, ಬಿಳಿ ಬೇಡ. ಮುಂಗೈ ಊರುವ ಅಂಚನ್ನು ಚೂಪಾಗಿ ಬಿಡದೆ ದುಂಡಗೆ ಮಾಡಲಿ. ಹಿಂದಿನ ಮೂಲೆಯಲ್ಲಿ ಪ್ಲಗ್ ತೂರುವಷ್ಟು ದೊಡ್ಡ ತೂತು ಇರಲಿ. ನಡುವೆ ಡ್ರಾಯರ್ ಇಡಬೇಡಿ, ತೊಡೆಗೆ ತಾಗುತ್ತದೆ. ಬೇಕೇ ಬೇಕು ಎಂದರೆ ಒಂದು ಪಕ್ಕಕ್ಕೆ.

ಕುರ್ಚಿ, ಸ್ಕ್ರೀನ್

ಕುರ್ಚಿಯನ್ನು ಅಂಗಡಿಯಲ್ಲಿ ಕನಿಷ್ಠ ಕಾಲು ಗಂಟೆ ಕೂತು ನೋಡದೆ ಕೊಳ್ಳಬೇಡಿ. ಬೆನ್ನು ಹಿಂದಕ್ಕೆ ಪೂರ್ತಿ ಒರಗಿಸಿದಾಗ ಮಂಡಿಗೂ ಸೀಟಿನ ಅಂಚಿಗೂ ನಡುವೆ ಮೂರು ಬೆರಳು ಜಾಗ ಇರಬೇಕು. ಸೀಟು ನಿಮ್ಮ ಅಳತೆಗೆ ಇಳಿಯುತ್ತದೆಯೇ ನೋಡಿ, ಎಷ್ಟೋ ಕುರ್ಚಿಗಳು 17 ಇಂಚಿಗಿಂತ ಕೆಳಗೆ ಇಳಿಯುವುದೇ ಇಲ್ಲ. ಕೈ ಊರುವ ಹಿಡಿ ಟೇಬಲ್‌ನ ಅಡಿಗೆ ಹೋಗದಿದ್ದರೆ ಅಂಥದ್ದು ಬೇಡ. ದೊಡ್ಡ ಕುರ್ಚಿಗೆ ದುಡ್ಡಿಲ್ಲದಿದ್ದರೆ ಗಟ್ಟಿ ಮರದ ಕುರ್ಚಿಗೆ ಸೊಂಟದ ಹತ್ತಿರ ಸುತ್ತಿದ ಟವೆಲ್ ಇಟ್ಟರೂ ನಡೆಯುತ್ತದೆ.

ಲ್ಯಾಪ್‌ಟಾಪ್ ಒಂದರಲ್ಲೇ ಕೆಲಸ ಮಾಡಿದರೆ ಕುತ್ತಿಗೆ ಅಥವಾ ಭುಜ, ಎರಡರಲ್ಲೊಂದು ನೋಯಲೇಬೇಕು. ಪುಸ್ತಕ ಜೋಡಿಸಿ ಅದನ್ನು ಮೇಲೆತ್ತಿ, ಬೇರೆ ಕೀಬೋರ್ಡ್ ಮತ್ತು ಮೌಸ್ ಇಟ್ಟುಕೊಳ್ಳಿ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ, ದೂರ ಒಂದು ಕೈ ಚಾಚಿದಷ್ಟು. ಬೈಫೋಕಲ್ ಕನ್ನಡಕದವರು ಇನ್ನೂ ಸ್ವಲ್ಪ ಕೆಳಗಿಡಬೇಕು, ಇಲ್ಲದಿದ್ದರೆ ದಿನವಿಡೀ ಗದ್ದ ಎತ್ತಿ ನೋಡುತ್ತಾ ಕುತ್ತಿಗೆ ಹಿಡಿಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನ ಏನನ್ನಾದರೂ 20 ಸೆಕೆಂಡ್ ನೋಡಿ. ನನ್ನ ಕಿಟಕಿಯಾಚೆ ಒಂದು ಹೊಂಗೆ ಮರ ಇದೆ. ಮಹಡಿಯಿಂದ ಚಾಮುಂಡಿ ಬೆಟ್ಟ ಕಾಣುವವರು ಪುಣ್ಯವಂತರು.

ಕರೆಂಟು, ಇಂಟರ್ನೆಟ್

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ನಮ್ಮೂರಲ್ಲಿ ಮರದ ಕೊಂಬೆ ಮುರಿದು ತಂತಿ ಮೇಲೆ ಬೀಳುವುದು ಎಲ್ಲರಿಗೂ ಗೊತ್ತು. ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ವಿದ್ಯುತ್ ವ್ಯತ್ಯಯದ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಬೆಳಿಗ್ಗೆ ಕಣ್ಣಾಡಿಸಿ. ದಿಢೀರ್ ಹೋದರೆ ದೂರು ಕೊಡಲು 1912.

ಇನ್ವರ್ಟರ್ ಲೆಕ್ಕ ಕಷ್ಟವಲ್ಲ. 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಎಂದರೆ ಗುಣಿಸಿದಾಗ 1800 ವಾಟ್ ಅವರ್. ಪೂರ್ತಿ ಕೈಗೆ ಸಿಗುವುದಿಲ್ಲ, ಮುಕ್ಕಾಲು ಭಾಗ ಹಿಡಿಯಿರಿ: 1350. ಲ್ಯಾಪ್‌ಟಾಪ್ 65 ವಾಟ್, ಸಾಧಾರಣ ಫ್ಯಾನ್ 75, ಬಲ್ಬ್ 9, ರೂಟರ್ 12. ಒಟ್ಟು 161. 1350ನ್ನು ಇದರಿಂದ ಭಾಗಿಸಿದರೆ ಎಂಟು ಗಂಟೆ. ಬ್ಯಾಟರಿ ಹಳೆಯದಾದರೆ ಅರ್ಧಕ್ಕೂ ಇಳಿಯಬಹುದು. ಡೆಸ್ಕ್‌ಟಾಪ್ ಇದ್ದವರು ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ (ಕರೆಂಟ್ ಹೋದ ತಕ್ಷಣ ಬ್ಯಾಟರಿಗೆ ಬದಲಾಗುವ ಮೋಡ್) ಹಾಕಿ, ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಆಫ್ ಆಗಬಹುದು.

ಇನ್ವರ್ಟರ್ ಇಲ್ಲದವರು ರೂಟರ್‌ಗೆ ಪುಟ್ಟ ಯುಪಿಎಸ್ ತರಬಹುದು. ರೂಟರ್ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ನೋಡಿಯೇ ತನ್ನಿ. ಫೈಬರ್ ಡಬ್ಬಿ ಮತ್ತು ವೈಫೈ ಡಬ್ಬಿ ಬೇರೆ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು. ಇದನ್ನು ಮರೆಯುವವರೇ ಜಾಸ್ತಿ. ಎಕ್ಸ್‌ಟೆನ್ಶನ್ ಬೋರ್ಡಿಗೆ ಇಸ್ತ್ರಿಪೆಟ್ಟಿಗೆ ಚುಚ್ಚಬೇಡಿ. ಸಿಡಿಲು ಇದ್ದರೆ ಪ್ಲಗ್ ಕೀಳಿ.

ವಿಡಿಯೊ ಕಾಲ್‌ಗೆ ನಾಲ್ಕು ಎಂಬಿಪಿಎಸ್ ಸಾಕು, ಆದರೆ ಅಪ್‌ಲೋಡ್ ಕೂಡ ಅಷ್ಟು ಬೇಕು. ದಪ್ಪ ಗೋಡೆಯ ಮನೆಯಲ್ಲಿ ವೈಫೈ ಮೇಲೆ ನಂಬಿಕೆ ಇಡದೆ ಟೇಬಲ್‌ವರೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ಅದಕ್ಕಿಂತ ಒಳ್ಳೆಯ ಪರಿಹಾರ ನಾನು ಕಂಡಿಲ್ಲ.

ಸದ್ದಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ. ಕಾಲ್‌ನಲ್ಲಿದ್ದಾಗ ನಾನು ಚಿಲಕಕ್ಕೆ ಕೆಂಪು ಕರವಸ್ತ್ರ ಕಟ್ಟುತ್ತೇನೆ. ಅಮ್ಮ ಕಾಫಿ ಹೊರಗಿನ ಸ್ಟೂಲ್ ಮೇಲೆ ಇಟ್ಟು ಹೋಗುತ್ತಾರೆ.

ಒಂದು ವಾರ ಕೂತು ನೋಡಿ

ವೈರುಗಳನ್ನು ಗೋಡೆಗೆ ಕ್ಲಿಪ್ ಹೊಡೆಯುವ ಮುಂಚೆ ಒಂದು ವಾರ ಕೆಲಸ ಮಾಡಿ. ಸಂಜೆ ಎಲ್ಲಿ ನೋವು ಎಂದು ಬರೆದಿಡಿ. ಕುತ್ತಿಗೆ ನೋವು ಬಂದರೆ ಸ್ಕ್ರೀನ್ ತಗ್ಗಾಗಿದೆ. ಭುಜ ನೋವು ಬಂದರೆ ಟೇಬಲ್ ಎತ್ತರವಾಗಿದೆ, ಅಥವಾ ಮೌಸ್ ದೂರ ಇದೆ. ತೊಡೆಯ ಅಡಿ ಜೋಮು ಹಿಡಿದರೆ ಸೀಟು ಎತ್ತರ, ಮಣೆ ಇಡಿ. ಸೊಂಟ ನೋವಾದರೆ ನೀವು ಬೆನ್ನು ಒರಗಿಸದೆ ಅಂಚಿನಲ್ಲಿ ಕೂರುತ್ತಿದ್ದೀರಿ. ಎರಡು ವಾರವಾದರೂ ನೋವು ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಆ ಅಳತೆ ಚೀಟಿಯನ್ನೂ ತೆಗೆದುಕೊಂಡು ಹೋಗಿ.