ಆರ್‌ಎಂ ಅಳಿಸಿದ್ದನ್ನು ಗ್ರೆಪ್ ಹುಡುಕಿಕೊಟ್ಟಿತು

ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಐದು ತಿಂಗಳಿಂದ ಪ್ರತಿ ಭಾನುವಾರ ತಿಂಡಿ ಆದ ಮೇಲೆ ಅವರು ಹೇಳುವುದು, ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವುದು. ಜನತಾ ವಾಚಿಗೆ ಬ್ಯಾಲೆನ್ಸ್ ವೀಲ್ ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದದ್ದು, ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವಾಗಿನ ಚಳಿ, ಎಲ್ಲವೂ ಒಂದೇ ಟೆಕ್ಸ್ಟ್ ಫೈಲಿನಲ್ಲಿ, ಸುಮಾರು 40 ಪುಟ.

ಆ ಭಾನುವಾರ ರಾತ್ರಿ, ಎಡಿಟರ್ ಬಿಟ್ಟುಹೋಗುವ ಟಿಲ್ಡೆ (~) ಬಾಲದ ಬ್ಯಾಕಪ್ ಫೈಲುಗಳನ್ನು ತೆಗೆಯೋಣವೆಂದು, ಆದೇಶ ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ಫೈಲ್ ಅಳಿಸುವ ಆರ್‌ಎಂ ಆದೇಶ ಕೊಟ್ಟೆ. ನಕ್ಷತ್ರ ಚಿಹ್ನೆಗೂ ಟಿಲ್ಡೆಗೂ ನಡುವೆ ಒಂದು ಸ್ಪೇಸ್ ಬಿದ್ದಿತ್ತು. ಒಂಟಿ ನಕ್ಷತ್ರ ಎಂದರೆ ಈ ಫೋಲ್ಡರಿನ ಎಲ್ಲ ಫೈಲುಗಳು. ಒಂಟಿ ಟಿಲ್ಡೆ ಎಂದರೆ ನನ್ನ ಹೋಮ್ ಡೈರೆಕ್ಟರಿ, ಅಂದರೆ ನನ್ನ ಮುಖ್ಯ ಫೋಲ್ಡರ್. ಅದು ಡೈರೆಕ್ಟರಿ, ಅಳಿಸಲಾಗದು ಎಂದು ಒಂದು ಸಾಲು ಬಂದಾಗಲೇ ಎದೆ ಧಸಕ್ಕೆಂದಿತು. ಫೋಲ್ಡರಿನಲ್ಲಿ ಏನಿದೆ ಎಂದು ತೋರಿಸುವ ಎಲ್‌ಎಸ್ ಹೊಡೆದೆ, ಏನೂ ಇಲ್ಲ. ಆರ್‌ಎಂ ಕಸದ ಬುಟ್ಟಿಗೆ ಹಾಕುವುದಿಲ್ಲ, ನೇರ ತೆಗೆಯುತ್ತದೆ. ಎಡಿಟರ್ ತೆರೆದೇ ಇದ್ದಿದ್ದರೆ ಇನ್ನೊಮ್ಮೆ ಸೇವ್ ಒತ್ತಿದರೆ ಸಾಕಿತ್ತು, ಮುಚ್ಚಿಬಿಟ್ಟಿದ್ದೆ. ಪೆನ್‌ಡ್ರೈವಿನಲ್ಲಿದ್ದದ್ದು ಮೊದಲ ತಿಂಗಳ ಪ್ರತಿ.

ಅಳಿಸಿದಾಗ ಹೋಗುವುದು ವಿಳಾಸ. ಅಕ್ಷರಗಳು ಡಿಸ್ಕಿನಲ್ಲೇ ಉಳಿದಿರುತ್ತವೆ, ಇನ್ನೊಂದು ಫೈಲ್ ಬಂದು ಆ ಜಾಗದಲ್ಲಿ ಕೂರುವವರೆಗೆ. ಬ್ರೌಸರ್ ತೆರೆದಿದ್ದರೂ ಅದು ತನ್ನ ಕ್ಯಾಶ್, ಅಂದರೆ ತಾತ್ಕಾಲಿಕ ಫೈಲುಗಳನ್ನು, ಡಿಸ್ಕಿಗೆ ಬರೆಯುತ್ತಲೇ ಇರುತ್ತದೆ. ಹಾಗಾಗಿ ಏನನ್ನೂ ಹುಡುಕಲು ಹೋಗದೆ ಪವರ್ ಬಟನ್ ಒತ್ತಿಹಿಡಿದು ಯಂತ್ರ ಆರಿಸಿದೆ. ಇಡೀ ಕಥೆಯಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ ಇದೇ. ನನ್ನದು ತಿರುಗುವ ತಟ್ಟೆಯ ಹಳೆಯ 500 ಜಿಬಿ ಡಿಸ್ಕ್ ಆಗಿದ್ದು ಅದೃಷ್ಟ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ಆದೇಶ ಖಾಲಿ ಬ್ಲಾಕುಗಳನ್ನು (ಡಿಸ್ಕನ್ನು ಹಂಚಿರುವ ಸಣ್ಣ ತುಂಡುಗಳನ್ನು) ನಿಜವಾಗಿಯೂ ಖಾಲಿ ಮಾಡಿಸುತ್ತದೆ. ಉಬುಂಟು ಎಂಬ ಲಿನಕ್ಸಿನಲ್ಲಿ ಅದು ವಾರಕ್ಕೊಮ್ಮೆ ತಾನಾಗಿಯೇ ಓಡುತ್ತದೆ. ಆಮೇಲೆ ಹುಡುಕಿ ಪ್ರಯೋಜನವಿಲ್ಲ.

ಸೋಮವಾರ ರಜೆ ಹಾಕಿದೆ. ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಎಸ್‌ಪಿ ರೋಡಿನಲ್ಲಿ 1 ಟಿಬಿ ಹೊರ ಡಿಸ್ಕ್ ಕೊಂಡು ತಂದೆ. ಒಳಗಿನ ಡಿಸ್ಕ್ ಬಳಸದೆ ಓಡುವ ಲೈವ್ ಯುಎಸ್‌ಬಿಯಿಂದ ಲಿನಕ್ಸ್ ಬೂಟ್ ಮಾಡಿ, ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆಯಿಂದ ಯಾವ ಡಿಸ್ಕ್ ಯಾವುದೆಂದು ಎರಡು ಸಲ ನೋಡಿಕೊಂಡು, ಡಿಸ್ಕ್ ನಕಲು ಮಾಡುವ ಡಿಡಿ-ರೆಸ್ಕ್ಯೂನಿಂದ ಪಾರ್ಟಿಷನ್ನಿನ (ಫೈಲುಗಳಿದ್ದ ಡಿಸ್ಕಿನ ಭಾಗದ) ಪೂರ್ತಿ ಪ್ರತಿ ತೆಗೆಯಲು ಬಿಟ್ಟೆ. ಮಧ್ಯಾಹ್ನದ ಮಳೆಗೆ ಕರೆಂಟ್ ಹೋಯಿತು. ಬ್ಯಾಟರಿ ಹತ್ತು ನಿಮಿಷವೂ ತಡೆಯಲಿಲ್ಲ. ಆದರೆ ಎಲ್ಲಿಯವರೆಗೆ ಓದಿದೆ ಎಂಬುದನ್ನು ಡಿಡಿ-ರೆಸ್ಕ್ಯೂ ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ಆ ಫೈಲನ್ನು ನಾನು ಹೊರ ಡಿಸ್ಕಿನಲ್ಲೇ ಇಟ್ಟಿದ್ದೆ. ಕರೆಂಟ್ ಬಂದ ಮೇಲೆ ಅದೇ ಆದೇಶ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯಿತು.

ಇನ್ನು ಮೂಲ ಡಿಸ್ಕ್ ಮುಟ್ಟುವ ಅಗತ್ಯವಿರಲಿಲ್ಲ. ಮೊದಲು ಅಳಿಸಿದ ಫೈಲ್ ಹಿಂದಕ್ಕೆ ತರುವ ಎಕ್ಸ್ಟ್‌ಅನ್‌ಡಿಲೀಟ್ ನೋಡಿದೆ. ನನ್ನ ಡಿಸ್ಕಿನ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4ರಲ್ಲಿ ಫೈಲ್ ಅಳಿಸಿದಾಗ ಐನೋಡಿನಲ್ಲಿರುವ, ಅಂದರೆ ಫೈಲಿನ ವಿವರ ಇಡುವ ದಾಖಲೆಯಲ್ಲಿರುವ, ಬ್ಲಾಕುಗಳ ವಿಳಾಸವನ್ನೇ ಸೊನ್ನೆ ಮಾಡಿಬಿಡುತ್ತದೆ. ಬದಲಾವಣೆಗಳನ್ನು ಬರೆದಿಡುವ ಜರ್ನಲ್ಲಿನಲ್ಲಿ ಆ ದಾಖಲೆಯ ಹಳೆಯ ಪ್ರತಿ ಉಳಿದಿದ್ದರಷ್ಟೇ ಆ ಸಾಧನಕ್ಕೆ ದಾರಿ. ನನ್ನ ಪಾಲಿಗೆ ಉಳಿದಿರಲಿಲ್ಲ. ಇಂಥದ್ದೇ ಇನ್ನೊಂದು ಸಾಧನ ಫೋಟೊರೆಕ್ ಫೋಟೊಗಳಿಗೆ ಬಹಳ ಒಳ್ಳೆಯದು, ಏಕೆಂದರೆ ಪ್ರತಿ ಜೆಪೆಗ್ ಫೈಲಿನ ತಲೆಯಲ್ಲೂ ಅದರ ಗುರುತು ಇರುತ್ತದೆ. ಬರಿ ಟೆಕ್ಸ್ಟಿಗೆ ಅಂಥ ತಲೆಬರಹ ಇಲ್ಲ. ಹೆಸರಿಲ್ಲದ ಸಾವಿರಾರು ಫೈಲುಗಳನ್ನು ರಾಶಿ ಹಾಕಿತು, ಅಷ್ಟೇ.

ಕೊನೆಗೆ ಪದ ಹುಡುಕುವ ಆದೇಶ ಗ್ರೆಪ್. ಪ್ರತಿಯನ್ನೆಲ್ಲ ಟೆಕ್ಸ್ಟ್ ಎಂದೇ ಓದು, ಸಿಕ್ಕ ಪದ ಎಷ್ಟನೇ ಬೈಟಿನಲ್ಲಿದೆ ಹೇಳು ಎಂದು ಕೊಟ್ಟು, ‘ಎಚ್‌ಎಂಟಿ’ ಹುಡುಕಿದೆ. ಅಪ್ಪನ ಫೈಲಿನದು ಒಂದೂ ಬರಲಿಲ್ಲ! ಅರ್ಧ ಗಂಟೆ ತಲೆ ಕೆರೆದ ಮೇಲೆ ಹೊಳೆಯಿತು. ನನ್ನ ಕೀಲಿಮಣೆ ‘ಚ್’ ಆದ ಮೇಲೆ ಒತ್ತಕ್ಷರ ಆಗದಂತೆ ತಡೆಯುವ ಒಂದು ಅದೃಶ್ಯ ಸಂಕೇತ ಹಾಕುತ್ತದೆ, ಲೈವ್ ಯುಎಸ್‌ಬಿಯ ಕೀಲಿಮಣೆ ಹಾಕುವುದಿಲ್ಲ. ಕಣ್ಣಿಗೆ ಎರಡೂ ಒಂದೇ, ಗ್ರೆಪ್‌ಗೆ ಬೇರೆ ಬೇರೆ. ಕನ್ನಡದಲ್ಲಿ ಹುಡುಕುವವರು ಪದದ ನಡುವೆ ಅರ್ಧಾಕ್ಷರ ನಿಲ್ಲದ ಮಾತನ್ನೇ ಆರಿಸಿಕೊಳ್ಳಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಅದು ಯೂನಿಕೋಡೇ ಅಲ್ಲ, ಆ ಸಂಕೇತಗಳಲ್ಲೇ ಹುಡುಕಬೇಕು.

‘ಜಾಲಹಳ್ಳಿ’ ಎಂದು ಕೊಟ್ಟೆ. ಸಾಲುಸಾಲಾಗಿ ಬಂದವು. ಎಡಿಟರ್ ಪ್ರತಿ ಸಲ ಸೇವ್ ಮಾಡುವಾಗ ಹೊಸ ಜಾಗದಲ್ಲಿ ಬರೆದು ಹಳೆಯದನ್ನು ಬಿಡುತ್ತಿತ್ತು. ಐದು ತಿಂಗಳ ಹಳೆಯ ಕರಡುಗಳು ಡಿಸ್ಕಿನ ತುಂಬ ಚದುರಿದ್ದವು. ಬೇಕಾದದ್ದು ಕೊನೆಯದು. ಆ ಭಾನುವಾರವಷ್ಟೇ ಅಪ್ಪ ಕಾರ್ಖಾನೆಯ ಸೈರನ್ನಿನ ಮಾತು ಎತ್ತಿದ್ದರು. ‘ಸೈರನ್ನು’ ಒಂದೇ ಕಡೆ ಸಿಕ್ಕಿತು: 73,033,569,568ನೇ ಬೈಟ್. ಬ್ಲಾಕಿನ ಗಾತ್ರ 4096ರಿಂದ ಭಾಗಿಸಿದರೆ 17,830,461ನೇ ಬ್ಲಾಕ್. ಅದರ ಹಿಂದಿನ, ಮುಂದಿನ ಬ್ಲಾಕುಗಳನ್ನು, ಬೇಕಾದಷ್ಟೇ ಭಾಗ ನಕಲು ಮಾಡುವ ಡಿಡಿಯಿಂದ ಕತ್ತರಿಸಿ ನೋಡುತ್ತಾ, ಕನ್ನಡ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸಿದೆ. ಇದು ಫೈಲಿನ ಬಾಲ. ತಲೆಯ ಕಡೆಯ 38 ಬ್ಲಾಕುಗಳು ಬೇರೆಲ್ಲೋ ಇದ್ದವು, ಮೂರು ನಾಲ್ಕು ಕರಡುಗಳಲ್ಲಿ ಯಾವುದರದೆಂದು ಗೊತ್ತಾಗುತ್ತಿರಲಿಲ್ಲ.

ಅಲ್ಲಿ ಕನ್ನಡವೇ ಕೈಹಿಡಿಯಿತು. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 4096 ಮೂರರಿಂದ ಸಮವಾಗಿ ಭಾಗವಾಗುವುದಿಲ್ಲ. ಹಾಗಾಗಿ ಬ್ಲಾಕಿನ ಅಂಚಿನಲ್ಲಿ ಎಷ್ಟೋ ಸಲ ಅಕ್ಷರವೇ ಒಡೆದಿರುತ್ತದೆ. ಬಾಲದ ತುಂಡು ಒಂದು ಒಡಕು ಚಿಹ್ನೆಯಿಂದ ಶುರುವಾಗಿ, ಅದರ ಬೆನ್ನಿಗೆ ವ್ಯಂಜನವಿಲ್ಲದ ಗುಡಿಸು, ಆಮೇಲೆ ‘ನಲ್ಲಿ’ ಎಂದಿತ್ತು. ತಲೆಯ ಕಡೆಯ ಒಂದು ತುಂಡು ‘ಕ್ಯಾಂಟೀ’ ಎಂದು ಬರೆದು ಒಡಕು ಚಿಹ್ನೆಯಲ್ಲಿ ಮುಗಿದಿತ್ತು. ಕ್ಯಾಟ್ ಆದೇಶದಿಂದ ಎರಡನ್ನೂ ಜೋಡಿಸಿದೆ. ಒಡೆದ ‘ನ’ ಕೂಡಿಕೊಂಡು ‘ಕ್ಯಾಂಟೀನಿನಲ್ಲಿ’ ಆಯಿತು. ತಪ್ಪು ತುಂಡು ಜೋಡಿಸಿದ್ದರೆ ಹೀಗೆ ಕೂಡುವ ಸಾಧ್ಯತೆ ಬಹಳ ಕಡಿಮೆ. ಖಾತರಿಗೆ, ಅಕ್ಷರ ಸಂಕೇತ ಬದಲಿಸುವ ಐಕಾನ್ವ್‌ನಿಂದಲೂ ಓಡಿಸಿದೆ. ಒಡಕು ಇದ್ದರೆ ಅದು ಅಲ್ಲೇ ನಿಂತು ದೂರುತ್ತದೆ, ಈ ಸಲ ಸುಮ್ಮನೆ ಕೊನೆಯವರೆಗೆ ಹೋಯಿತು. ಆಗ ರಾತ್ರಿ ಒಂದೂವರೆ.

ಕೊನೆಯ 2 ಬ್ಲಾಕುಗಳ ಮೇಲೆ ಬೇರೇನೋ ಬಂದು ಕೂತಿತ್ತು, ಸುಮಾರು ಒಂದೂವರೆ ಪುಟ. ಮುಂದಿನ ಭಾನುವಾರ ಉಳಿದದ್ದನ್ನು ಅಪ್ಪನಿಗೆ ಓದಿ ಹೇಳಿ, ಇಲ್ಲಿಂದ ಮುಂದೆ ಹೋಗಿದೆ ಎಂದೆ. ‘ಹೋದರೆ ಹೋಗಲಿ ಬಿಡೋ, ಬರಕೋ’ ಎಂದು ಸೈರನ್ನಿನಿಂದಲೇ ಮತ್ತೆ ಶುರುಮಾಡಿದರು. ಈ ಸಲ ಪ್ಯಾರಾ ಮುಗಿದಾಗಲೆಲ್ಲ ಹೊರ ಡಿಸ್ಕಿಗೂ ಒಂದು ಪ್ರತಿ ಹೋಗುತ್ತಿತ್ತು.