ಲ್ವಿವ್‌ನಲ್ಲಿ ಡಿಶ್, ಶಿರಸಿಯಿಂದ ಬಿಲ್

2022ರ ನವೆಂಬರ್ 23ರಂದು ಲ್ವಿವ್ ಊರಿಗೆ ಊರೇ ಕತ್ತಲಾಯಿತು. ಉಕ್ರೇನಿನ ವಿದ್ಯುತ್ ವ್ಯವಸ್ಥೆಯ ಮೇಲೆ ರಷ್ಯಾದ ಕ್ಷಿಪಣಿಗಳು ಬಿದ್ದಿದ್ದವು. ಮೊಬೈಲ್ ಟವರ್‌ಗಳು ಬ್ಯಾಟರಿಯಲ್ಲಿ ಸ್ವಲ್ಪ ಹೊತ್ತು ನಡೆದವು, ಆಮೇಲೆ ಸಿಗ್ನಲ್ಲೂ ಹೋಯಿತು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಆ ರಾತ್ರಿ ಅಮ್ಮ ಊಟ ಮಾಡಲಿಲ್ಲವಂತೆ.

ನಾನು ಲ್ವಿವ್‌ನಲ್ಲಿ ಮೆಡಿಕಲ್ ಕೊನೆ ವರ್ಷದಲ್ಲಿದ್ದೆ. ಯುದ್ಧ ಶುರುವಾದ ಮೇಲೆ ಮಾರ್ಚ್‌ನಲ್ಲಿ ಎಲ್ಲರ ಜೊತೆ ಊರಿಗೆ ಬಂದಿದ್ದೆ. ಬರೀ ಆನ್‌ಲೈನ್ ಪಾಠಕ್ಕೆ ಇಲ್ಲಿ ಮಾನ್ಯತೆ ಇಲ್ಲವಲ್ಲ, ಹಾಗಾಗಿ ವಾಪಸ್ ಹೋದೆ.

ರೂಮಿನ ನಾಲ್ವರೂ ಸೇರಿ, ಉಪಗ್ರಹದಿಂದ ನೇರವಾಗಿ ನೆಟ್ ಕೊಡುವ ಸ್ಟಾರ್‌ಲಿಂಕ್ ಹಾಕಿಸಲು ತೀರ್ಮಾನಿಸಿದೆವು. ಊರು ಬಿಡುತ್ತಿದ್ದ ಒಂದು ಕುಟುಂಬದ ಹಳೇ ಡಿಶ್ ಸಿಕ್ಕಿತು. ಅವರ ಖಾತೆಯಿಂದ ತೆಗೆಸಿ, ನನ್ನ ಖಾತೆಗೆ ಸೇರಿಸಿ, ನೆಟ್ ಬಂದ ಮೇಲೆಯೇ ದುಡ್ಡು ಕೊಟ್ಟೆ. ಹಳೇ ಮಾಲೀಕರ ಖಾತೆಯಲ್ಲೇ ಉಳಿದ ಡಿಶ್ ನಿಮ್ಮ ಕೈಯಲ್ಲಿ ಕೆಲಸ ಮಾಡುವುದಿಲ್ಲ, ಇದನ್ನು ಮರೆಯಬೇಡಿ.

ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಮೇಲೆ ಓಡುತ್ತಲೇ ಇರುತ್ತವೆ. ಡಿಶ್‌ಗೆ ಒಂದು ಚಿಮಣಿ ಅಡ್ಡ ಬಂದರೂ ಕರೆ ತುಂಡಾಗುತ್ತದೆ. ಹಾಗಾಗಿ ಚಾವಣಿಗೇ ಹತ್ತಿಸಿದೆವು. ಅದಕ್ಕೆ 50ರಿಂದ 75 ವಾಟ್ ಬೇಕು. 100 ಆಂಪಿಯರ್‌ಅವರ್‌ನ ಬ್ಯಾಟರಿ, ಒಂದು ಸಣ್ಣ ಇನ್ವರ್ಟರ್ ಇಟ್ಟು ಆರೇಳು ಗಂಟೆ ಎಳೆಯುತ್ತಿದ್ದೆವು. ಹಿಮ ಕರಗಿಸುವ ಹೀಟರ್ ಜಾಸ್ತಿ ಕರೆಂಟ್ ತಿನ್ನುತ್ತದೆ. ಆಪ್‌ನಲ್ಲಿ ಅದನ್ನು ಆಫ್ ಮಾಡಿ, ಹಿಮವನ್ನು ನಾವೇ ಪೊರಕೆಯಲ್ಲಿ ಗುಡಿಸಿದೆವು.

ಇವೆಲ್ಲಕ್ಕಿಂತ ಕಷ್ಟವಾದದ್ದು ಬಿಲ್ ಕಟ್ಟುವುದು. ಆಗ ತಿಂಗಳಿಗೆ 75 ಡಾಲರ್ ಇತ್ತು. ಮೊದಲ ತಿಂಗಳು ನನ್ನ ಭಾರತದ ಡೆಬಿಟ್ ಕಾರ್ಡಿನಿಂದ ಕಟ್ಟಿದೆ. ಎರಡನೇ ತಿಂಗಳು ದುಡ್ಡು ತಾನಾಗಿ ಹೋಗಲಿಲ್ಲ. 2021ರ ಅಕ್ಟೋಬರ್ 1ರಿಂದ ನಮ್ಮ ಕಾರ್ಡುಗಳಲ್ಲಿ ಹೀಗೆ ತಿಂಗಳು ತಿಂಗಳು ಕಡಿತವಾಗಲು ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು. ನನ್ನ ಕಾರ್ಡಿಗೆ ಅದು ಆಗಿರಲಿಲ್ಲ. ಕೈಯಾರೆ ಕಟ್ಟೋಣ ಎಂದರೆ ಓಟಿಪಿ ಬೇಕು. ಓಟಿಪಿ ಬರುವುದು ಎಸ್ಸೆಮ್ಮೆಸ್‌ನಲ್ಲಿ. ಡಿಶ್‌ನಲ್ಲಿ ನೆಟ್ ಇದ್ದರೂ ನನ್ನ ಸಿಮ್‌ಗೆ ಟವರ್ ಬೇಕೇ ಬೇಕು, ಅಲ್ವಾ? ಟವರೇ ಇರಲಿಲ್ಲ. ಎರಡು ದಿನ ಫೋನ್ ಹಿಡಿದು ಕಿಟಕಿ ಹತ್ತಿರ ನಿಂತಿದ್ದೆ.

ಕೊನೆಗೆ ಟವರ್ ಬಂದ ಅರ್ಧ ಗಂಟೆಯಲ್ಲಿ ಬಿಲ್ ಕಟ್ಟಿ, ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಅವಳು ತನ್ನ ಕಾರ್ಡಿನಲ್ಲಿ ವಿದೇಶಿ ಆನ್‌ಲೈನ್ ಪಾವತಿ ಆನ್ ಮಾಡಿದಳು. ಅದು ಹೊಸ ಕಾರ್ಡುಗಳಲ್ಲಿ ತಾನಾಗಿ ಆನ್ ಇರುವುದಿಲ್ಲ. ನನ್ನ ಸ್ಟಾರ್‌ಲಿಂಕ್ ಖಾತೆಗೆ ಆ ಕಾರ್ಡ್ ಸೇರಿಸಿದೆವು. ಮುಂದಿನ ತಿಂಗಳಿಂದ ಬಿಲ್ ಬಂದ ದಿನವೇ ಅವಳು ಊರಿಂದ ಲಾಗಿನ್ ಆಗಿ ಕಟ್ಟುತ್ತಿದ್ದಳು. ಓಟಿಪಿ ಅವಳ ಫೋನಿಗೇ ಬರುತ್ತಿತ್ತು, ಯಾರಿಗೂ ಹೇಳಬೇಕಿರಲಿಲ್ಲ. ನಮ್ಮನೆಯಲ್ಲಿ ಸಿಗ್ನಲ್ ಸಿಗುವುದು ಅಡಿಕೆ ಒಣಗಿಸುವ ಅಟ್ಟದ ಮೇಲೆ ಮಾತ್ರ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಅವಳು ಒಂದು ತಿಂಗಳೂ ತಪ್ಪಿಸದೆ ಅಟ್ಟ ಹತ್ತಿದಳು. ಉಳಿದ ಮೂವರ ಮನೆಯವರು ತಮ್ಮ ಪಾಲನ್ನು ಅವಳಿಗೆ ಯುಪಿಐ ಮಾಡುತ್ತಿದ್ದರು.

ಕೋರ್ಸ್ ಮುಗಿದಾಗ ಡಿಶ್ ತರಲಿಲ್ಲ. ಅನುಮತಿ ಇಲ್ಲದೆ ಉಪಗ್ರಹ ಸಾಧನವನ್ನು ಭಾರತಕ್ಕೆ ತಂದು ಬಳಸಿದರೆ ಅಪರಾಧ. ಜೂನಿಯರ್ ಒಬ್ಬನ ಖಾತೆಗೆ ಬರೆದುಕೊಟ್ಟೆ. ಅಕ್ಕ ತನ್ನ ಕಾರ್ಡ್ ತೆಗೆದಳು. ಮುಂದಿನ ಬಿಲ್ಲನ್ನು ಅವನ ಅಣ್ಣ ಅಂಕೋಲಾದಿಂದ ಕಟ್ಟಿದ.